ನಾಲ್ಕನೆಯ ಕುರ್ಚಿ

ಲಾಸ್ ಏಂಜಲೀಸ್
9 ಫೆಬ್ರವರಿ 1948

ಪ್ರಿಯ ಲೀಮನ್,

ಈ ಪೊಟ್ಟಣವನ್ನು ಬಸ್ಸಿನ ಹಿಂದಿನ ಸೀಟಿಗೆ ಎಸೆಯಬೇಡ, ಅದರ ಮೇಲೆ ಕಾಫಿ ಲೋಟ ಇಡಬೇಡ, ಹೊರೇಸನ ಕೈಗಂತೂ ಕೊಡಲೇಬೇಡ. ಹೋದ ಸಲ ಅವನ ಸ್ಯಾಕ್ಸಫೋನಿನ ಹಾಳೆಗಳು ಕೋಳಿ ಹುರಿದ ಎಣ್ಣೆ ಕುಡಿದುಕೊಂಡು ವಾಪಸು ಬಂದವು. ಇದು ನನ್ನ ಹೊಸ ಕೃತಿ, 'ಆರ್ಚರ್ ಬೀದಿ'. ಅಂತೂ ಮುಗಿಯಿತು.

ಗಸ್ ಮೆರಿವೆದರನ ಬ್ಯಾಂಡಿಗೆ ನಾನು ಹನ್ನೆರಡು ವರ್ಷದಿಂದ ಸಂಗೀತ ಬರೆಯುತ್ತಿದ್ದೇನೆ. ಮೊದಲು ಪಿಯಾನೋ ನುಡಿಸುತ್ತ ಬರೆದೆ. ಆಮೇಲೆ ಬಸ್ಸಿನಲ್ಲಿ ಹೆಂಗಸು ಇದ್ದರೆ ತೊಂದರೆ ಎಂದು ಪಿಯಾನೋಗೆ ಒಬ್ಬ ಗಂಡಸನ್ನು ಕೂರಿಸಿದ, ನಾನು ಇಲ್ಲಿ ಮನೆಯಲ್ಲೇ ಕುಳಿತು ಬರೆಯತೊಡಗಿದೆ. ನೀವು ಊರೂರಲ್ಲಿ ನುಡಿಸುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಕೈಯಿಂದ ಹೋದದ್ದು. ಜನ ಅದನ್ನು 'ಗಸ್ ಮೆರಿವೆದರ್ ಶೈಲಿ' ಎನ್ನುತ್ತಾರೆ. ವಿಮರ್ಶಕರು ಆ ಶೈಲಿಯ ಬಗ್ಗೆ ಪುಟಗಟ್ಟಲೆ ಬರೆದದ್ದನ್ನು ಓದಿದ್ದೇನೆ. ನನ್ನ ಶೈಲಿಯ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳು ಅದರಲ್ಲಿದ್ದವು.

ಇದೊಂದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ ನಿಮ್ಮದು ಕುಳಿತು ಕೇಳುವ ಕಛೇರಿ, ಕುಣಿಯುವುದಲ್ಲ. ಅಲ್ಲಿ ಇದನ್ನು ಇಡಿಯಾಗಿ ನುಡಿಸಿ, ಬರೆದವಳೆಂದು ನನ್ನ ಹೆಸರು ಹೇಳುವುದಾಗಿ ಗಸ್ ಮಾತು ಕೊಟ್ಟಿದ್ದಾನೆ. ಬಿಳಿಯರ ಗುಂಪು ನಮ್ಮ ಕರಿಯರ ಬೀದಿಯನ್ನು ಸುಟ್ಟ ವರ್ಷ ನಿನಗೆ ಹತ್ತು, ನನಗೆ ಹನ್ನೊಂದು. ಟಲ್ಸಾದ ಪತ್ರಿಕೆಗಳು ಸತ್ತವರ ಹೆಸರನ್ನು ಪೂರ್ತಿಯಾಗಿ ಎಂದೂ ಅಚ್ಚು ಹಾಕಲಿಲ್ಲ. ಆ ಬೀದಿಯ ಸಂಗೀತವನ್ನೂ ಹೆಸರಿಲ್ಲದೆ ಕಳಿಸಲು ನನ್ನಿಂದಾಗದು.

ನಡುವಿನ ಭಾಗ ಐದು ಮಾತ್ರೆಯ ತಾಳದಲ್ಲಿದೆ, ಯಾರಾದರೂ ಕುಣಿಯಲು ಹೊರಟರೆ ಕಾಲು ತೊಡರಿ ಬೀಳುತ್ತಾರೆ. ಕೊನೆಯಲ್ಲಿ ಮೊದಲ ಕುರ್ಚಿಯ ಟ್ರಂಪೆಟ್ ಎಲ್ಲರ ತಲೆಯ ಮೇಲೆ ಏರಿ ನಿಲ್ಲುತ್ತದೆ. ಅದು ನಿನ್ನ ಸ್ವರ. ಅದನ್ನು ಹಿಡಿಯಬಲ್ಲವರು ಈ ದೇಶದಲ್ಲಿ ಹೆಚ್ಚು ಜನ ಇಲ್ಲ. ಎಂದಿನಂತೆ ಪ್ರತಿ ಹಾಳೆಯ ತಲೆಗೆ ನಿಮ್ಮ ನಿಮ್ಮ ಹೆಸರು ಪೆನ್ಸಿಲಿನಲ್ಲಿದೆ. ಬ್ಯಾಂಡಿನಲ್ಲಿ ಜನ ಬದಲಾಗುತ್ತಿರುತ್ತಾರಲ್ಲ.

ನಿನ್ನ,
ಆರ್ನೆಟಾ


ಬೋಮಾಂಟ್, ಟೆಕ್ಸಾಸ್
2 ಮಾರ್ಚ್ 1948

ಪ್ರಿಯ ನೆಟ್ಟಾ,

ಪೊಟ್ಟಣ ತಲುಪಿತು. ಹೊರೇಸ್ ಮುಟ್ಟುವ ಮೊದಲು ಅವನ ಕೈ ತೊಳೆಸಿದೆ. "ಬೈಬಲ್ ಮುಟ್ಟೋಕೂ ನಮ್ಮಮ್ಮ ಇಷ್ಟು ಕಾಟ ಕೊಟ್ಟಿರಲಿಲ್ಲ ಕಣೋ," ಎಂದು ಗೊಣಗಿದ. ಐದು ಮಾತ್ರೆಯ ಭಾಗ ನೋಡಿ ನಮ್ಮ ಡ್ರಮ್ಮಿನವನು, "ಈ ಹೆಂಗ್ಸಿಗೆ ನಾಲ್ಕರ ಮೇಲೆ ಯಾಕಿಷ್ಟು ಸಿಟ್ಟು? ನಾಲ್ಕು ಏನ್ ತಪ್ಪು ಮಾಡ್ತು?" ಎಂದ. ಮೂರನೆಯ ಸಲ ನುಡಿಸುವ ಹೊತ್ತಿಗೆ ಅವನೇ ಎಲ್ಲರನ್ನೂ ಸುಮ್ಮನಿರಿಸಿ ಇನ್ನೊಮ್ಮೆ ಎನ್ನುತ್ತಿದ್ದ.

ನಮ್ಮ ಗಸ್ ಯಜಮಾನರು ಮೊದಲು ಮುಖ ಗಂಟು ಹಾಕಿಕೊಂಡಿದ್ದರು, ಆಮೇಲೆ ಕಣ್ಣು ಮುಚ್ಚಿ ಕೇಳಿದರು. ಅವರು ಕಣ್ಣು ಮುಚ್ಚಿದರೆ ಒಪ್ಪಿದರು ಎಂದೇ ಅರ್ಥ, ಇಲ್ಲವೇ ನಿದ್ದೆ.

ಎರಡನೆಯ ಟ್ರಂಪೆಟ್ ಎಲ್‌ವುಡ್, ಆ ಫಿಲಡೆಲ್ಫಿಯಾದವನು, ಚೆನ್ನಾಗಿ ಪಳಗುತ್ತಿದ್ದಾನೆ. ಮೇಲಿನ ಸ್ವರಗಳಿಗೆ ಹೆದರುವುದೇ ಇಲ್ಲ. ಅಂದ ಹಾಗೆ, ಕೊನೆಯ ಆ ಸ್ವರ ಅಷ್ಟು ಮೇಲೇ ಇರಬೇಕೇ? ಸುಮ್ಮನೆ ಕೇಳಿದೆ.

ಊಟ ಈ ಸಲ ಬೇಸರ. ಎಲ್ಲಿ ಹೋದರೂ ನನಗೆ ಗಂಜಿ, ಸೂಪು. ಟೆಕ್ಸಾಸಿನ ಮಾಂಸ ಅಗಿಯುವಂತಿಲ್ಲ ಎಂದು ಇಟ್ಟುಕೋ.

ನಿನ್ನ,
ಲೀಮನ್


ಲಾಸ್ ಏಂಜಲೀಸ್
20 ಏಪ್ರಿಲ್ 1948

ಲೀಮನ್,

ಶನಿವಾರ ಕಾನ್ಸಾಸ್ ಸಿಟಿಯ ನೃತ್ಯಶಾಲೆಯಿಂದ ನಿಮ್ಮ ಪ್ರಸಾರ ಕೇಳಿದೆ. ರೆಕಾರ್ಡ್ ಮಾಡಬಾರದೆಂದು ಈ ವರ್ಷ ವಾದ್ಯಗಾರರ ಸಂಘದ ನಿಷೇಧವಿರುವುದರಿಂದ ನನ್ನ ಕೆಲಸ ನನ್ನ ಕಿವಿಗೆ ಬೀಳಲು ಇರುವುದು ರೇಡಿಯೊ ಒಂದೇ. ಮನೆ ಒಡತಿ ಮಿಸೆಸ್ ಡುಪ್ಲೆಸಿಸ್ ತನ್ನ ರೇಡಿಯೊ ಮುಂದೆ ನನಗೆ ಕುರ್ಚಿ ಹಾಕಿ, ಗೆಣಸಿನ ಕಡುಬು ಕೊಟ್ಟು ಕೂರಿಸಿದಳು.

ಮೊದಲ ಸ್ವರಕ್ಕೇ ನನಗೆ ಗೊತ್ತಾಯಿತು. ಇಡೀ ಕೃತಿಯ ಶ್ರುತಿಯನ್ನು ಒಂದು ಸ್ವರ ಕೆಳಗಿಳಿಸಿದ್ದಾರೆ! ಬೇರೆ ಯಾರಿಗೂ ತಿಳಿಯದಿರಬಹುದು, ನನಗೆ ತಿಳಿಯುವುದಿಲ್ಲವೇ? ಹೊಳೆಯಬೇಕಾದದ್ದೆಲ್ಲ ಮಬ್ಬು. ಎಲ್ಲಕ್ಕಿಂತ ಘೋರವಾದದ್ದು ಕೊನೆ. ಆ ಕೊನೆಯ ಸ್ವರಮೇಳ ಹೊರೇಸನ ದೊಡ್ಡ ಸ್ಯಾಕ್ಸಫೋನಿನ ಅತಿ ಕೆಳಗಿನ ಸ್ವರದ ಮೇಲೆ ನಿಂತಿದೆ. ಅದಕ್ಕಿಂತ ಕೆಳಗೆ ಆ ವಾದ್ಯದಲ್ಲಿ ಸ್ವರವೇ ಇಲ್ಲ. ಒಂದು ಸ್ವರ ಇಳಿಸಿದರೆ ಹೊರೇಸ್ ಸುಮ್ಮನಿರಬೇಕಾಗುತ್ತದೆ. ಸುಮ್ಮನೇ ಇದ್ದ. ನೆಲವಿಲ್ಲದ ಮನೆಯಲ್ಲಿ ನೀವೆಲ್ಲ ನಿಂತಿದ್ದಿರಿ.

"ಚೆನ್ನಾಗೇ ಇತ್ತಲ್ಲಮ್ಮ, ಯಾಕೆ ಹಂಗೆ ಹಲ್ಲು ಕಡೀತೀಯ?" ಎಂದಳು ಮಿಸೆಸ್ ಡುಪ್ಲೆಸಿಸ್.

ಇದು ಯಾರ ಕೆಲಸ ಎಂದು ಕೇಳುವ ಅಗತ್ಯ ನನಗಿಲ್ಲ. ಮೂವತ್ತೆಂಟರಲ್ಲಿ ನನ್ನ ಐದು ಟ್ರಂಪೆಟ್ಟುಗಳನ್ನು ಮೂರು ಮಾಡಿದವನು ಇದೇ ಗಸ್. ನಲವತ್ತೊಂದರಲ್ಲಿ ಕುಣಿಯುವವರಿಗೆ ಉದ್ದವಾಯಿತೆಂದು ನಡುವಿನ ಭಾಗವನ್ನೇ ಕಿತ್ತೆಸೆದವನೂ ಇವನೇ. ಈಗ ಕುಣಿಯುವವರ ಕಿವಿಗೆ ಹಿತವಾಗಲೆಂದು ನನ್ನ ಬೀದಿಯನ್ನು ತಗ್ಗಿಸಿದ್ದಾನೆ. ಗಸ್‌ಗೆ ಬರೆದಿದ್ದೇನೆ. ಅವನು ನನ್ನ ಪತ್ರಗಳನ್ನು ಓದುವುದಿಲ್ಲವೆಂದು ಗೊತ್ತಿರುವುದರಿಂದ ಸಂಗೀತದ ವಾರಪತ್ರಿಕೆಗೂ ಬರೆದಿದ್ದೇನೆ. 'ಕಟುಕ' ಎಂಬ ಪದ ಬಳಸಿದ್ದೇನೆ.

ನೀನು ಮೊದಲ ಕುರ್ಚಿಯಲ್ಲಿ ಕುಳಿತೂ ಒಂದು ಮಾತು ಆಡಲಿಲ್ಲವಲ್ಲ, ಅದೇ ನನಗೆ ಅರ್ಥವಾಗದು.

ಆರ್ನೆಟಾ


ಡೆಟ್ರಾಯಿಟ್
14 ಮೇ 1948

ನೆಟ್ಟಾ,

ಪತ್ರಿಕೆ ನಿನ್ನ ಪತ್ರವನ್ನು ಅಚ್ಚು ಹಾಕಿತು. ಯಜಮಾನರು ಬಸ್ಸಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿದರು. "ಕಟುಕ ಅಂತೆ! ಹನ್ನೆರಡು ವರ್ಷ ಇವಳ ಹೊಟ್ಟೆಗೆ ಹಾಕಿದೀನಿ ನಾನು! ಕಟುಕ!" ಎಂದು ಹಾಳೆ ಮುದುರಿ ಕಿಟಕಿಯಿಂದ ಎಸೆದರು. 'ಆರ್ಚರ್ ಬೀದಿ'ಯನ್ನು ಶಿಕಾಗೋ ಕಾರ್ಯಕ್ರಮದಿಂದ ತೆಗೆದಿದ್ದಾರೆ. ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಶ್ರುತಿ ಇಳಿಸಿದ್ದು ಯಜಮಾನರಲ್ಲ. ನಾವು.

ಫೆಬ್ರವರಿಯಲ್ಲಿ ಮುಂದಿನ ಹಲ್ಲಿನ ಬುಡದಲ್ಲಿ ಕೀವಾಯಿತು. ಮಿಸಿಸಿಪ್ಪಿಯ ಒಂದು ಊರಿನ ಬಿಳಿಯ ದಂತವೈದ್ಯ ಬಾಗಿಲಲ್ಲೇ ನಿಲ್ಲಿಸಿ, ನಿಮ್ಮವರನ್ನು ನನ್ನ ಕುರ್ಚಿಯಲ್ಲಿ ಕೂರಿಸುವುದಿಲ್ಲ ಎಂದ. ಮುಂದಿನ ಊರಿನಲ್ಲಿ ನಮ್ಮವರ ವೈದ್ಯನೇ ಇರಲಿಲ್ಲ. ಅಂತೂ ಒಬ್ಬ ಸಿಗುವ ಹೊತ್ತಿಗೆ ಎರಡು ಹಲ್ಲು ತೆಗೆಯಬೇಕಾಯಿತು, ದವಡೆಯನ್ನೂ ಕೊಯ್ಯಬೇಕಾಯಿತು. ಈಗ ಕಟ್ಟಿಸಿದ ಹಲ್ಲಿದೆ. ತುಟಿ ಅದರ ಮೇಲೆ ನಿಲ್ಲುವುದಿಲ್ಲ. ಮೇಲಿನ ಸ್ವರಗಳು ಹೋದವು, ನೆಟ್ಟಾ. ಬರುತ್ತವೆ ಎಂದು ಮೊದಲೊಂದಿಷ್ಟು ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ, ನಿನಗೂ ಬರೆದೆ. ಟೆಕ್ಸಾಸಿನ ಮಾಂಸದ ತಪ್ಪೇನೂ ಇರಲಿಲ್ಲ.

ಉಳಿದ ಹದಿನೈದು ಜನರೂ ಬಸ್ಸಿನಲ್ಲಿ ಕುಳಿತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ತಮ್ಮ ತಮ್ಮ ಭಾಗವನ್ನು ನನ್ನ ತುಟಿಗೆ ಎಟುಕುವ ಕೆಳಗಿನ ಶ್ರುತಿಗೆ ಬರೆದುಕೊಂಡರು. ಸಹಿ ಹಾಕಲೂ ಸೋಮಾರಿತನ ಮಾಡುವ ಹೊರೇಸ್ ನನ್ನ ಹಾಳೆಗಳನ್ನೂ ಬರೆದುಕೊಟ್ಟ. ಕೊನೆಗೆ ತನಗೆ ಸ್ವರವಿಲ್ಲದಿರುವುದು ಅವನಿಗೂ ಗೊತ್ತಿತ್ತು. "ಒಂದ್ ಸ್ವರ ತಾನೆ, ನಾನ್ ಮನಸ್ಸಲ್ಲೇ ಊದ್ಕೋತೀನಿ ಬಿಡು," ಎಂದ. ಯಜಮಾನರಿಗೆ ತಿಳಿದಿತ್ತು, ಕಂಡೂ ಕಾಣದಂತೆ ಇದ್ದರು. ನೀನು ಬೈದಾಗಲೂ ನನ್ನ ಹೆಸರು ಹೇಳಲಿಲ್ಲ. ಅಷ್ಟು ಮಾತ್ರ ಅವರ ಪರವಾಗಿ ಹೇಳಬೇಕು.

ಆದರೆ ಬೇಸಿಗೆಯ ಕೊನೆಯವರೆಗೆ ಮಾತ್ರ ಎಂದಿದ್ದಾರೆ. ಆಮೇಲೆ ನನ್ನ ಕುರ್ಚಿ ಬೇರೆಯವನಿಗೆ. ಬ್ಯಾಂಡ್ ಬಿಟ್ಟು ನನಗೆ ಗೊತ್ತಿರುವ ಕೆಲಸ ಯಾವುದು ಎಂದು ನಿನ್ನನ್ನು ಕೇಳುತ್ತಿಲ್ಲ. ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಲೀಮನ್


ಲಾಸ್ ಏಂಜಲೀಸ್
12 ಜುಲೈ 1948

ಪ್ರಿಯ ಲೀಮನ್,

ಎರಡು ತಿಂಗಳು ಬರೆಯಲಿಲ್ಲ. ಕೆಲಸವಿತ್ತು. ಈ ಪೊಟ್ಟಣದಲ್ಲಿ ಹೊಸ 'ಆರ್ಚರ್ ಬೀದಿ' ಇದೆ. ಹಳೆಯದನ್ನು ನೀವು ಬಸ್ಸಿನಲ್ಲಿ ಬರೆದುಕೊಂಡ ಹಾಳೆಗಳ ಸಮೇತ ಹೊರೇಸನಿಗೆ ಕೊಡು. ಕೋಳಿ ಕಟ್ಟಿಕೊಳ್ಳಲಿ.

ಗಮನವಿಟ್ಟು ಓದು. ಶ್ರುತಿ ಮತ್ತೆ ಮೊದಲಿನ ಜಾಗಕ್ಕೆ ಬಂದಿದೆ. ಹೊರೇಸನ ಸ್ವರ ಹೊರೇಸನಿಗೆ ಸಿಕ್ಕಿದೆ. ಮೊದಲ ಕುರ್ಚಿಗೆ ಎಲ್‌ವುಡ್. ಕೊನೆಯ ಮೇಲಿನ ಸ್ವರ ಅವನದು. ನೀನು ನಾಲ್ಕನೆಯ ಕುರ್ಚಿಗೆ ಹೋಗುತ್ತೀಯ.

ಕೃತಿಯ ಆರಂಭವನ್ನು ಬದಲಾಯಿಸಿದ್ದೇನೆ. ಮೊದಲು ಹದಿನಾರೂ ಜನ ಒಟ್ಟಿಗೆ ಸಿಡಿಯುತ್ತಿದ್ದರು. ಈಗ ನಾಲ್ಕನೆಯ ಟ್ರಂಪೆಟ್ ಒಂದೇ, ಅದರ ಕೆಳಗಿನ ಸ್ವರಗಳಲ್ಲಿ, ತಾಳವಿಲ್ಲದೆ ಶುರು ಮಾಡುತ್ತದೆ. ಡ್ರಮ್ ಇಲ್ಲ, ಎಣಿಕೆ ಇಲ್ಲ. ಗಸ್ ಕೈ ಎತ್ತಬಹುದು, ಆದರೆ ನೀನು ಶುರು ಮಾಡುವವರೆಗೆ ಅವನು ಕಾಯಬೇಕು. ನೀನು ಊದದೆ ಉಳಿದ ಹದಿನೈದು ಜನ ಏನೂ ಮಾಡುವಂತಿಲ್ಲ.

ಗಸ್ ಒಪ್ಪಿದ್ದಾನೆ. ಶಿಕಾಗೋ ಕಾರ್ಯಕ್ರಮಕ್ಕೂ, ನಿನ್ನ ಕುರ್ಚಿಗೂ. ಅವನನ್ನು ಒಪ್ಪಿಸಿದ್ದು ನನ್ನ ಪಾಡು. ಅದನ್ನು ಅವನ ಹತ್ತಿರ ಎತ್ತಬೇಡ.

ಆ ದಂತವೈದ್ಯನ ಊರಿನ ಹೆಸರು ನನಗೆ ಬರೆದು ತಿಳಿಸು. ಏನೂ ಮಾಡಲಾಗದಿದ್ದರೂ ನೆನಪಿಟ್ಟುಕೊಳ್ಳುತ್ತೇನೆ.

ಆರ್ನೆಟಾ


ಕ್ಲೀವ್‌ಲೆಂಡ್
30 ಜುಲೈ 1948

ಆರ್ನೆಟಾ,

ನಾಲ್ಕನೆಯ ಕುರ್ಚಿ! ಅಲ್ಲಿ ಯಾರು ಕೂರುತ್ತಾರೆಂದು ನಿನಗೆ ಗೊತ್ತಿಲ್ಲವೇ? ಊರಿಂದ ನಿನ್ನೆ ಬಂದವನು, ಇಲ್ಲವೇ ಮಾಲೀಕನ ಭಾವಮೈದ. ಒಂಬತ್ತು ವರ್ಷ ಮೊದಲ ಕುರ್ಚಿಯಲ್ಲಿ ಕುಳಿತು ಈ ಬ್ಯಾಂಡನ್ನು ಹೆಗಲ ಮೇಲೆ ಹೊತ್ತವನು ನಾನು. ಎಲ್‌ವುಡ್ ಎದ್ದು ನನ್ನ ಜಾಗಕ್ಕೆ ಬರುವಾಗ "ಕ್ಷಮಿಸಿ ಸರ್" ಎಂದ. ಆ ಹುಡುಗ ನನ್ನನ್ನು ಸರ್ ಎಂದದ್ದು ಅದೇ ಮೊದಲು. ಮುದುಕರಿಗೆ ಕೊಡುವ ಮರ್ಯಾದೆ ಅದು. ಡ್ರಮ್ಮಿನವನು, "ಲೀಮನ್, ಅಲ್ಲಿಂದ ವೇದಿಕೆ ಕಾಣ್ಸುತ್ತಾ? ಬೈನಾಕ್ಯುಲರ್ ಕೊಡ್ಲಾ?" ಎಂದು ಕೂಗಿದ.

ನೀನು ಕರುಣೆಯಿಂದ ಬರೆದ ನಾಲ್ಕು ಸ್ವರ ನನಗೆ ಬೇಡ. ಚರ್ಚಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವನಲ್ಲ ನಾನು.

ಲೀಮನ್


ಲಾಸ್ ಏಂಜಲೀಸ್
11 ಆಗಸ್ಟ್ 1948

ಲೀಮನ್ ಬಾಸ್ಕಮ್,

ಕರುಣೆಯೇ? ನನ್ನ ಜೀವನದ ಅತಿ ದೊಡ್ಡ ಕೆಲಸದ ಬಾಗಿಲನ್ನು ಕರುಣೆಗೆ ಯಾರ ಕೈಗಾದರೂ ಕೊಡುವಷ್ಟು ಒಳ್ಳೆಯವಳು ಎಂದು ನನ್ನನ್ನು ಯಾವಾಗಿನಿಂದ ಭಾವಿಸಿದೆ?

ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಬೀದಿ ಸುಟ್ಟ ಮೇಲೆ ಚಳಿಗಾಲವೆಲ್ಲ ಡೇರೆಯಲ್ಲಿ ಪ್ರಾರ್ಥನೆ ನಡೆಯಿತು. ಅಮ್ಮನ ಪಿಯಾನೋ ಉಳಿದಿರಲಿಲ್ಲ, ಅದರ ತಂತಿಗಳು ಬೂದಿಯಲ್ಲಿ ಸಿಕ್ಕಿದವು. ವಾದ್ಯವೆಂದರೆ ನಿನ್ನ ಚಿಕ್ಕಪ್ಪನ ಸೊಟ್ಟಗಾದ ಕಾರ್ನೆಟ್ ತುತ್ತೂರಿ ಒಂದೇ. ಅದರಲ್ಲಿ ಮೇಲಿನ ಸ್ವರ ಬರುತ್ತಿರಲಿಲ್ಲ. ನೀನು ಕೆಳಗಿನವುಗಳಲ್ಲೇ ತಡವರಿಸಿಕೊಂಡು ಹಾಡು ಎತ್ತಿಕೊಡುತ್ತಿದ್ದೆ. ನೀನು ಎತ್ತಿಕೊಟ್ಟ ಮೇಲೆ ಇಡೀ ಡೇರೆ ಹಾಡುತ್ತಿತ್ತು. ಈ ಕೃತಿ ಹಾಗೇ ಶುರುವಾಗಬೇಕಿತ್ತು. ನಿನ್ನ ಮೇಲಿನ ಸ್ವರಗಳ ಹೊಳಪಿಗೆ ಮರುಳಾಗಿ ನಾನು ತಪ್ಪು ಬರೆದಿದ್ದೆ. ಆ ದನಿ ನಿನ್ನಲ್ಲಿ ಈಗ ಮತ್ತೆ ಬಂದಿದೆ, ಎಲ್‌ವುಡ್‌ನಲ್ಲಿ ಇಲ್ಲ. ಇಷ್ಟೇ ವಿಷಯ.

ಬೇಡವಾದರೆ ಹೇಳು. ಬೇರೆ ಯಾರಿಗೂ ಕೊಡುವುದಿಲ್ಲ, ಹರಿದು ಹಾಕುತ್ತೇನೆ.

ಆರ್ನೆಟಾ


ಪಿಟ್ಸ್‌ಬರ್ಗ್
26 ಆಗಸ್ಟ್ 1948

ನೆಟ್ಟಾ,

ಹರಿಯಬೇಡ.

ನಿನ್ನೆ ಅಭ್ಯಾಸದಲ್ಲಿ ಊದಿದೆ. ಮುಗಿದ ಮೇಲೆ ಡ್ರಮ್ಮಿನವನು ತಮಾಷೆ ಮಾಡಲಿಲ್ಲ.

ಲೀ.


ಲಾಸ್ ಏಂಜಲೀಸ್
17 ಅಕ್ಟೋಬರ್ 1948, ಭಾನುವಾರ ಸಂಜೆ

ಪ್ರಿಯ ಲೀಮನ್,

ಈಗಷ್ಟೇ ಪ್ರಸಾರ ಮುಗಿಯಿತು. ಮಿಸೆಸ್ ಡುಪ್ಲೆಸಿಸ್ ಇನ್ನೂ ಕಣ್ಣೊರೆಸುತ್ತಿದ್ದಾಳೆ, ಬೆಂಡೆಕಾಯಿ ಸಾರು ಒಲೆಯ ಮೇಲೆ ತಳ ಹಿಡಿದುಹೋಗಿದೆ.

ಆರಂಭದ ಬಗ್ಗೆ ನೀನು ಕೊರಗಬೇಡ. 'ಆರ್ಚರ್ ಬೀದಿ' ಎಂದು ಸಾರಿದ ಮೇಲೆ ಏನೂ ಕೇಳಲಿಲ್ಲ. ಮೌನ. ಮತ್ತೆ ಮೌನ. ತುಟಿ ಕೈಕೊಟ್ಟಿತು, ಅಷ್ಟು ಜನರ ಮುಂದೆ ಅವನನ್ನು ಒಂಟಿಯಾಗಿ ನಿಲ್ಲಿಸಿದವಳು ನಾನೇ ಎಂದುಕೊಂಡೆ. ರೇಡಿಯೊದವನಿಗೂ ಗಾಬರಿಯಾಗಿರಬೇಕು. ಖಾಲಿ ಬಿಡಬಾರದೆಂದು ಗಡಿಬಿಡಿಯಲ್ಲಿ ಒಂದು ಮೈಸೋಪಿನ ಗುಣಗಾನ ಶುರು ಮಾಡಿದ. ಅದರ ನೊರೆ ಎಷ್ಟು ಮೃದು ಎನ್ನುವ ಹೊತ್ತಿಗೆ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಜನ ನಿನಗೆ ಧೈರ್ಯ ತುಂಬುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೀನು ಶುರು ಮಾಡಿದೆ.

ಆಮೇಲಿನದನ್ನು ನಾನು ಹೇಳಬೇಕಿಲ್ಲ. ಡೇರೆ ಹಾಗೇ ಇತ್ತು. ಕೊನೆಗೆ ಹೊರೇಸನ ಸ್ವರ ಬಂದಾಗ ಮಿಸೆಸ್ ಡುಪ್ಲೆಸಿಸಳ ಕಪಾಟಿನ ಬಸಿಗಳು ಅದುರಿದವು.

ಇನ್ನೊಂದು ಮಾತು. ಕಾರ್ಯಕ್ರಮದ ಹಾಳೆಯಲ್ಲಿ ಏನಾದರೂ ಬೇರೆ ರೀತಿ ಅಚ್ಚಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡ. ಅಚ್ಚಿನವರು ತಪ್ಪು ಮಾಡುತ್ತಾರೆ.

ನಿನ್ನ,
ಆರ್ನೆಟಾ


ಶಿಕಾಗೋ
17 ಅಕ್ಟೋಬರ್ 1948

ಪ್ರಿಯ ನೆಟ್ಟಾ,

ನೀನು ಕೇಳಿಯೇ ಇರುತ್ತೀಯ, ಆದರೂ ಒಳಗಿಂದ ಏನಾಯಿತೆಂದು ಬರೆಯುತ್ತೇನೆ. ನನಗೆ ನಿನ್ನ ಮೇಲೆ ತುಂಬ ಕೋಪ ಬಂದಿದೆ.

ಕಛೇರಿಗೆ ಮೊದಲು ವೇದಿಕೆಯ ಹಿಂದೆ ಕಾರ್ಯಕ್ರಮದ ಹಾಳೆ ಕೈಗೆ ಬಂತು. 'ಆರ್ಚರ್ ಬೀದಿ: ಗಸ್ ಮೆರಿವೆದರ್ ಅವರ ಹೊಸ ಕೃತಿ' ಎಂದಿತ್ತು. ಅದನ್ನು ಹಿಡಿದು ಯಜಮಾನರ ಹತ್ತಿರ ಹೋದೆ. ಕನ್ನಡಿ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದರು.

"ಅಚ್ಚಿನ ತಪ್ಪಾ ಯಜಮಾನ್ರೇ?"

"ತಪ್ಪೇನೂ ಇಲ್ಲ. ಅವಳೇ ಕೊಟ್ಟಿದ್ದು."

"ಅವಳೇ ಕೊಟ್ಟಳಾ? ಈ ಹೆಸರಿಗೋಸ್ಕರ ನಿಮ್ಮನ್ನ ಕಟುಕ ಅಂದೋಳು?"

ಆಗ ಅವರು ನನ್ನ ಕಡೆ ತಿರುಗಿದರು. "ನಿನ್ನ ಕುರ್ಚಿಗೋಸ್ಕರ ಕಣಯ್ಯ. ಲೀಮನ್‌ನ ಬ್ಯಾಂಡಲ್ಲಿ ಇಟ್ಕೊಳ್ಳಿ, ಹಾಡು ನಿಮ್ಮ ಹೆಸರಲ್ಲೇ ಇರಲಿ ಅಂತ ಬರೆದಳು. ನಿನಗೆ ಹೇಳಬಾರ್ದು ಅಂದಿದ್ಲು, ಈಗ ಹೇಳಿಬಿಟ್ಟೆ. ಅದೂ ಅಲ್ದೆ ಹೆಂಗಸಿನ ಹೆಸರು ಹೇಳಿದ್ರೆ ಜನ, ಹಾಡೋಕೆ ಬರ್ತಾಳೇನೋ ಅಂತ ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ. ಹೋಗು, ಕಾಲರ್ ಸರಿ ಮಾಡ್ಕೋ."

ಕಾಲರ್ ಸರಿ ಮಾಡಿಕೊಂಡೆ. ಹೋಗಿ ನಾಲ್ಕನೆಯ ಕುರ್ಚಿಯಲ್ಲಿ ಕುಳಿತೆ. ಸಭಾಂಗಣ ತುಂಬಿತ್ತು. ದಕ್ಷಿಣದ ಬಡಾವಣೆಗಳಿಂದ ನಮ್ಮವರು ಭಾನುವಾರದ ಟೋಪಿ ಹಾಕಿಕೊಂಡು ಬಂದಿದ್ದರು. ಯಜಮಾನರು ಕೈ ಎತ್ತಿದರು. ನಾನು ಟ್ರಂಪೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದೆ.

"ಊದು," ಎಂದರು ತುಟಿ ಅಲ್ಲಾಡಿಸದೆ.

"ಯಾರ ಹಾಡಿದು ಯಜಮಾನ್ರೇ?"

"ಹುಚ್ಚೇನಯ್ಯ ನಿಂಗೆ? ದೇಶವೆಲ್ಲ ಕೇಳ್ತಿದೆ."

"ಗೊತ್ತು. ಅದಕ್ಕೇ ಕೇಳ್ತಿದೀನಿ."

ಮೊದಲ ಕುರ್ಚಿಯಲ್ಲಿದ್ದ ಎಲ್‌ವುಡ್ ನನ್ನನ್ನು ನೋಡಿದ. ಏನೂ ತಿಳಿಯದಿದ್ದರೂ ತನ್ನ ವಾದ್ಯವನ್ನೂ ತೊಡೆಯ ಮೇಲಿಟ್ಟ. ಹೊರೇಸ್ ಸ್ಯಾಕ್ಸಫೋನಿನ ಕೊಕ್ಕೆ ಬಿಚ್ಚಿ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, "ನಂಗೂ ತಿಳ್ಕೋಬೇಕು ಅಂತ ಬಹಳ ದಿನದಿಂದ ಆಸೆ," ಎಂದ. ಅವನ ದನಿ ಗೊತ್ತಲ್ಲ, ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಒಂದು ಮುದುಕಿ ಕಿಸಕ್ಕೆಂದು ನಕ್ಕಳು. ಯಜಮಾನರ ಕೈ ಇನ್ನೂ ಮೇಲೇ ಇತ್ತು. ಬೇರೆ ಯಾವ ಹಾಡಾಗಿದ್ದರೂ ಡ್ರಮ್ಮಿನವನಿಗೆ ಸನ್ನೆ ಮಾಡಿ ಶುರು ಮಾಡಿಸುತ್ತಿದ್ದರು. ಇದನ್ನು ನಾನಲ್ಲದೆ ಬೇರೆಯವರು ಶುರು ಮಾಡುವಂತಿಲ್ಲ. ಹಾಗೆ ಬರೆದವಳು ನೀನು.

ಅವರು ಎಷ್ಟಾದರೂ ವೇದಿಕೆಯ ಮನುಷ್ಯ. ಮೊದಲೇ ಯೋಚಿಸಿದ್ದವರಂತೆ ನಗುತ್ತ ಮೈಕಿನ ಮುಂದೆ ಹೋಗಿ, "ಒಂದು ಮಾತು ಹೇಳದೆ ಈ ಕೃತಿಯನ್ನು ಶುರು ಮಾಡುವಂತಿಲ್ಲ. ಇದನ್ನು ರಚಿಸಿದವರು ಟಲ್ಸಾದ ಮಿಸ್ ಆರ್ನೆಟಾ ಟಾಲಿವರ್," ಎಂದರು. ಚಪ್ಪಾಳೆ ನೀನೇ ಕೇಳಿರುತ್ತೀಯ. ನಿನ್ನ ಹೆಸರು ಇಡೀ ದೇಶಕ್ಕೆ ಹೋಗುವಾಗ ನಿನ್ನ ಮುಖ ಹೇಗಿತ್ತು ಎಂದು ಯೋಚಿಸುತ್ತ ಮೊದಲ ಸ್ವರ ಊದಿದೆ.

ಮುಗಿದ ಮೇಲೆ ಯಜಮಾನರು ಕೂಗಾಡಲಿಲ್ಲ. "ಚೆನ್ನಾಗಿ ಊದಿದೆ. ನಾಳೆ ಬಸ್ಸಲ್ಲಿ ನಿನಗೆ ಜಾಗ ಇಲ್ಲ," ಎಂದಷ್ಟೇ ಹೇಳಿದರು. ನೀನು ಹೆಸರು ಕೊಟ್ಟು ಕೊಂಡ ಕುರ್ಚಿ ಹೋಯಿತು, ನೆಟ್ಟಾ. ಆ ವ್ಯಾಪಾರವನ್ನು ನನ್ನನ್ನು ಕೇಳದೆ ಮಾಡಿದ್ದಕ್ಕೆ ನಿನಗೆ ಆಗಬೇಕಾದದ್ದೇ ಆಯಿತು. ಸದ್ಯಕ್ಕೆ ಸೋದರತ್ತೆಯ ಮನೆಯಲ್ಲಿದ್ದೇನೆ. ವಿಳಾಸ ಲಕೋಟೆಯ ಮೇಲೆ ಬರೆದಿದೆ.

ಲೀಮನ್


ಲಾಸ್ ಏಂಜಲೀಸ್
25 ಅಕ್ಟೋಬರ್ 1948

ಪ್ರಿಯ ಲೀಮನ್,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನನ್ನದು ನಿನಗೆ ಸಿಕ್ಕಿದ್ದರೆ ಗೊತ್ತಾಗಿರುತ್ತದೆ. ನನ್ನ ಹೆಸರನ್ನು ನಾನು ಕೇಳಲಿಲ್ಲ. ಗಸ್ ಅದನ್ನು ಹೇಳುವಾಗ ದೇಶವೆಲ್ಲ ಮೈಸೋಪಿನ ನೊರೆ ಕೇಳುತ್ತಿತ್ತು. ಮಿಸೆಸ್ ಡುಪ್ಲೆಸಿಸಳಿಗೆ ನಿನ್ನ ಪತ್ರ ಓದಿ ಹೇಳಿದೆ. "ಆ ಸೋಪನ್ನ ಇನ್ಮೇಲೆ ಈ ಮನೆ ಒಳಗೆ ತರೋ ಹಾಗಿಲ್ಲ," ಎಂದಳು. ಆ ಸಭಾಂಗಣದಲ್ಲಿದ್ದವರಿಗೆ ಕೇಳಿಸಿತು, ಸಾಕು. ಅವರು ನೆನಪಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ನಾನು ನೆನಪಿಸುತ್ತೇನೆ.

ನಿನ್ನನ್ನು ಕೇಳದೆ ಮಾಡಿದ್ದು ಹೌದು. ನೀನೂ ನನ್ನನ್ನು ಕೇಳದೆ ಮಾಡಿದೆ. ಲೆಕ್ಕ ಸರಿಹೋಯಿತು, ಇದರ ಬಗ್ಗೆ ಇನ್ನು ಮಾತು ಬೇಡ.

ಒಂದು ದೂರು ಇದೆ. ಎರಡನೆಯ ಸ್ವರವನ್ನು ನೀನು ನಾನು ಬರೆದದ್ದಕ್ಕಿಂತ ಉದ್ದ ಹಿಡಿದೆ. ಮುಂದಿನ ಸಲ ತಿದ್ದಿಕೋ.

ಮುಂದಿನ ಸಲ ಎಂದರೆ ಜನವರಿ. ಸೆಂಟ್ರಲ್ ಅವೆನ್ಯೂದ ಸಂಘದ ಮಹಡಿಯನ್ನು ಸೋಮವಾರ ಬೆಳಗಿನ ಹೊತ್ತು ಅಭ್ಯಾಸಕ್ಕೆ ನನಗೆ ಕೊಡುತ್ತಾರಂತೆ. ನನ್ನ ಹೊಸ ಬ್ಯಾಂಡಿನ ಹೆಸರು 'ಆರ್ನೆಟಾ ಟಾಲಿವರ್ ವಾದ್ಯವೃಂದ'. ಹೆಂಗಸು ಹಾಡುತ್ತಾಳೆಂದು ಬಾಗಿಲ ಕಡೆ ನೋಡುವವರು ನೋಡಿಕೊಂಡೇ ಕೂರಲಿ, ನಾನು ಅವರ ಎದುರಿಗೇ ವೃಂದ ನಡೆಸುವ ಕೋಲು ಹಿಡಿದು ನಿಂತಿರುತ್ತೇನೆ. ಹನ್ನೊಂದು ಜನ ಸಿಕ್ಕಿದ್ದಾರೆ, ಇನ್ನೂ ಐವರು ಬೇಕು. ಡ್ರಮ್ಮಿಗೆ ಬಂದವನು ಐದು ಮಾತ್ರೆ ಕೇಳಿ ಅಳುಮುಖ ಮಾಡಿದ್ದಾನೆ. ಪಳಗುತ್ತಾನೆ.

ಹಾಳೆಗಳನ್ನು ಹೊಸದಾಗಿ ಬರೆಯತೊಡಗಿದ್ದೇನೆ. ಎಲ್ಲರ ಹೆಸರೂ ಎಂದಿನಂತೆ ಪೆನ್ಸಿಲಿನಲ್ಲಿ. ನಾಲ್ಕನೆಯ ಟ್ರಂಪೆಟ್ಟಿನ ಹಾಳೆಯನ್ನು ಮಾತ್ರ ಎಲ್ಲಕ್ಕಿಂತ ಮೊದಲು ಬರೆದೆ. ಅದರ ತಲೆಗೆ ನಿನ್ನ ಹೆಸರನ್ನು ಶಾಯಿಯಲ್ಲಿ ಬರೆದಿದ್ದೇನೆ.

ನಿನ್ನ,
ಆರ್ನೆಟಾ